ಹಿತ್ತಲ ಕೋಳಿಗೆ ಬಂದ ನೋಟಿಸು, ಉತ್ತರ ಬರೆದುಕೊಟ್ಟ ಕಚೇರಿ: ಒಂದು ವಿಮರ್ಶೆ

ಚಿಕ್ಕಮಗಳೂರಿನ ನ್ಯಾಯಾಲಯದ ಆಸುಪಾಸಿನಲ್ಲಿ ಖಾತೆ ಬದಲಾವಣೆ, ನಿವೇಶನದ ತಕರಾರು, ಕಟ್ಟಡ ಪರವಾನಗಿ ಮುಂತಾದ ಕೆಲಸಗಳಿಗೆ ಅರ್ಜಿ, ಆಕ್ಷೇಪಣೆ, ಉತ್ತರಗಳನ್ನು ಬರೆದುಕೊಡುವ ಸಣ್ಣ ಕಾನೂನು ಸಲಹಾ ಕಚೇರಿಗಳು ಕೆಲವಿವೆ. ಅವುಗಳ ಪೈಕಿ ಒಂದರ ಸೇವೆಯನ್ನು, ವಸತಿ ಬಡಾವಣೆಯ ಹಿತ್ತಲಲ್ಲಿ ಕೋಳಿ ಸಾಕಬಾರದೆಂದು ಪೌರಾಡಳಿತದಿಂದ ನಮ್ಮ ಮನೆಗೆ ಬಂದ ನೋಟಿಸಿಗೆ ಉತ್ತರ ಕೊಡುವ ಸಲುವಾಗಿ ನಾನು ಪಡೆದುಕೊಂಡೆ. ಅವರ ಕೆಲಸದಲ್ಲಿ ಮೆಚ್ಚುವಂಥದ್ದೂ ಇದೆ, ಹಣ ಕೊಟ್ಟವನು ಸುಮ್ಮನೆ ಒಪ್ಪಿಕೊಳ್ಳಲಾಗದ ಲೋಪಗಳೂ ಇವೆ. ಹೀಗಾಗಿ ಕಚೇರಿಯ ಹೆಸರನ್ನು ಬರೆಯುವುದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ನಿಯಮವನ್ನು ಪ್ರಶ್ನಿಸುವ ವಿದ್ಯೆ ಅವರಿಗೆ ಚೆನ್ನಾಗಿ ತಿಳಿದಿದೆ. ಕೋಳಿಯ ಬಗ್ಗೆ ಮಾತ್ರ ಅವರಿಗೆ ಏನೂ ತಿಳಿದಿಲ್ಲ, ತಿಳಿದುಕೊಳ್ಳುವ ಆಸಕ್ತಿಯೂ ಇಲ್ಲ.

ನಮ್ಮದು ನಗರದ ಅಂಚಿನ ಬಡಾವಣೆ. ಹಿರೇಮಗಳೂರು, ಉಪ್ಪಳ್ಳಿಯಂಥ ಊರುಗಳೇ ನಗರದೊಳಗೆ ಸೇರಿಹೋಗಿರುವಾಗ, ಹಳ್ಳಿಯ ಬದುಕು ಎಲ್ಲಿ ಮುಗಿದು ಪೇಟೆಯ ಶಿಸ್ತು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಕಷ್ಟ. ಮನೆಯ ಹಿಂದಿನ ಜಾಗದಲ್ಲಿ ಏಳು ಹ್ಯಾಟೆ (ಹೆಣ್ಣು ಕೋಳಿ), ಒಂದು ಹುಂಜ ಇದ್ದವು. ನಾಲ್ಕು ಗಿರಿರಾಜ ತಳಿಯವು, ಉಳಿದವು ನಾಟಿ. ಬಂದ ನೋಟಿಸಿನಲ್ಲಿ ‘ವಸತಿ ಪ್ರದೇಶದಲ್ಲಿ ಅನಧಿಕೃತವಾಗಿ ಕೋಳಿ ಫಾರಂ ನಡೆಸುತ್ತಿರುವುದರಿಂದ’ ಎಂಬ ಮಾತಿತ್ತು, ತೆರವುಗೊಳಿಸಲು ಗಡುವಿತ್ತು. ಯಾವ ಕಾಯ್ದೆಯ ಯಾವ ಕಲಮಿನಡಿ ಎಂಬುದು ಮಾತ್ರ ಇರಲಿಲ್ಲ.

ಈ ಕೊರತೆಯನ್ನು ಕಚೇರಿಯ ವಕೀಲರು ಕಾಗದ ಕೈಗೆ ಬಂದ ಕೂಡಲೇ ಗುರುತಿಸಿದರು. ಅವರ ಶುಲ್ಕದಲ್ಲಿ ಅರ್ಧ ಭಾಗ ಆ ಒಂದು ನೋಟಕ್ಕೇ ಸಂದಾಯವಾಯಿತೆಂದು ನಾನು ಲೆಕ್ಕ ಹಾಕಿಕೊಂಡಿದ್ದೇನೆ. ನೋಟಿಸು ಬಂದ ಮನೆಯವರು ಸಾಮಾನ್ಯವಾಗಿ ಮಾಡುವುದು ಎರಡೇ ಕೆಲಸ: ಹೆದರಿ ಕೋಳಿಗಳನ್ನು ರಾತ್ರೋರಾತ್ರಿ ಸಾಗಿಸುವುದು, ಇಲ್ಲವೇ ಪರಿಚಯದ ಪೌರಾಡಳಿತ ಸದಸ್ಯರೊಬ್ಬರ ಮನೆ ಬಾಗಿಲು ತಟ್ಟುವುದು. ಇವೆರಡನ್ನೂ ಬಿಟ್ಟು, ‘ತಾವು ಯಾವ ನಿಯಮವನ್ನು ಆಧರಿಸಿ ಈ ನೋಟಿಸು ನೀಡಿದ್ದೀರಿ, ಆ ನಿಯಮದ ಪ್ರತಿಯನ್ನು ಒದಗಿಸಿ ನಮಗೆ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಿ’ ಎಂದು ವಿನಯದಿಂದ ಬರೆದು, ಟಪಾಲಿನಲ್ಲಿ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬರಬೇಕೆಂಬ ಮೂರನೆಯ ದಾರಿಯನ್ನು ಅವರು ತೋರಿಸಿದರು. ಅವರು ಬರೆದ ಕನ್ನಡವೂ ಚೆನ್ನಾಗಿತ್ತು. ಕಚೇರಿ ಭಾಷೆಯ ಬಿಗಿ ಇದ್ದರೂ ಅಧಿಕಾರಿಯನ್ನು ಚುಚ್ಚುವ ಒಂದು ಪದವೂ ಅದರಲ್ಲಿರಲಿಲ್ಲ.

ಉತ್ತರದ ಮುಖ್ಯ ಭಾಗ ವಲಯ ನಿಯಮಾವಳಿಗೆ ಸಂಬಂಧಿಸಿದ್ದು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಇಂಥ ನೋಟಿಸು ಬಂದವರಿಗೆ ಉಪಯೋಗಕ್ಕೆ ಬರುವುದು ಇದೇ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಸಿದ್ಧವಾಗುವ ಮಹಾಯೋಜನೆಗಳು ಊರಿನ ನೆಲವನ್ನು ವಸತಿ, ವಾಣಿಜ್ಯ, ಕೈಗಾರಿಕೆ, ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ, ಉದ್ಯಾನ, ಸಾರಿಗೆ, ಕೃಷಿ ಎಂದು ವಿಂಗಡಿಸಿ, ಪ್ರತಿ ವಲಯದಲ್ಲಿ ಏನೇನು ಮಾಡಬಹುದೆಂಬ ಪಟ್ಟಿಯನ್ನು ಕೊಡುತ್ತವೆ. ನಮ್ಮ ರಾಜ್ಯದ ಇಂಥ ನಿಯಮಾವಳಿಗಳಲ್ಲಿ ಕೋಳಿ ಸಾಕಣೆಯ ಮಾತು ಸಾಮಾನ್ಯವಾಗಿ ಬರುವುದು ಕೃಷಿ ವಲಯದ ಪಟ್ಟಿಯಲ್ಲಿ. ‘ಅಲ್ಲಿ ಹೆಸರಿದೆ, ವಸತಿ ವಲಯದಲ್ಲಿ ಹೆಸರಿಲ್ಲ, ಆದ್ದರಿಂದ ವಸತಿ ವಲಯದಲ್ಲಿ ನಿಷಿದ್ಧ’ ಎಂಬುದು ಸರ್ಕಾರಿ ಕಚೇರಿಗಳು ಸಾಮಾನ್ಯವಾಗಿ ಹಿಡಿಯುವ ತರ್ಕ. ಇದಕ್ಕೆ ವಕೀಲರು ಕೊಟ್ಟ ಉತ್ತರ ಹೀಗಿತ್ತು: ವಲಯ ನಿಯಮ ಆಳುವುದು ಭೂಮಿಯ ಉಪಯೋಗವನ್ನು, ಒಂದು ನಿವೇಶನದಲ್ಲಿ ಮನೆ ಕಟ್ಟಿಕೊಂಡು ಸಂಸಾರ ನಡೆಸುತ್ತಿರುವಾಗ ಅದರ ಉಪಯೋಗ ವಸತಿಯೇ ಆಗಿರುತ್ತದೆ, ಹಿತ್ತಲಲ್ಲಿ ಮನೆ ಬಳಕೆಯ ಮೊಟ್ಟೆಗಾಗಿ ಸಾಕಿದ ಕೆಲವು ಹಕ್ಕಿಗಳು, ತೆಂಗಿನ ಮರವಾಗಲೀ ಬಾಳೆಯ ಬುಡವಾಗಲೀ ಅದನ್ನು ಕೃಷಿ ಉಪಯೋಗವನ್ನಾಗಿ ಮಾರ್ಪಡಿಸದಿರುವಂತೆಯೇ, ಆ ನಿವೇಶನವನ್ನು ಕೋಳಿ ಫಾರಂ ಆಗಿ ಮಾರ್ಪಡಿಸುವುದಿಲ್ಲ. ಮಾರಾಟವಿಲ್ಲ, ಬೋರ್ಡಿಲ್ಲ, ಕೆಲಸಗಾರರಿಲ್ಲ, ವ್ಯಾಪಾರದ ಪರವಾನಗಿಯ ಪ್ರಶ್ನೆಯೂ ಇಲ್ಲ.

ನೋಟಿಸು ತಂದವರು ಬಾಯಿಮಾತಿನಲ್ಲಿ 500 ಮೀಟರ್ ಅಂತರದ ನಿಯಮವನ್ನೂ ಹೇಳಿಹೋಗಿದ್ದರು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿಯಲ್ಲಿ ಕೋಳಿ ಫಾರಂ ವಸತಿ ಪ್ರದೇಶದಿಂದ 500 ಮೀಟರ್, ನದಿ, ಕೆರೆ, ಕುಡಿಯುವ ನೀರಿನ ಬಾವಿಗಳಿಂದ 100 ಮೀಟರ್ ದೂರವಿರಬೇಕೆಂದು ಇರುವುದು ನಿಜ. ಆದರೆ ಆ ಮಾರ್ಗಸೂಚಿ ಸಣ್ಣ ಫಾರಂ ಎಂದು ಕರೆಯುವುದೇ 5,000ದಿಂದ 25,000 ಹಕ್ಕಿಗಳಿರುವುದನ್ನು. ಎಂಟು ಕೋಳಿಯ ಮನೆಗೆ ಅದನ್ನು ಅನ್ವಯಿಸುವುದಾದರೆ, ಚಿಕ್ಕಮಗಳೂರು ಜಿಲ್ಲೆಯ ತೋಟಗಳ ಎಷ್ಟು ಕೂಲಿ ಲೈನುಗಳ ಮುಂದೆ ಕೋಳಿ ಮುಚ್ಚುವ ಮಂಕರಿ ಕವುಚಿಟ್ಟಿರುತ್ತದೋ ಅಷ್ಟಕ್ಕೂ ನೋಟಿಸು ಅಂಟಿಸಬೇಕಾಗುತ್ತದೆ. ಈ ಅಂಶವನ್ನು ವಕೀಲರು ಒಂದೇ ಪ್ಯಾರಾದಲ್ಲಿ, ಮಾರ್ಗಸೂಚಿಯ ಪುಟವನ್ನು ಲಗತ್ತಿಸಿ ಮುಗಿಸಿದರು. ಚೊಕ್ಕವಾದ ಕೆಲಸ.

ಆದರೆ ಅವರು ಬಿಟ್ಟ ಒಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ವಲಯ ನಿಯಮವೊಂದೇ ಇಂಥ ನೋಟಿಸಿಗೆ ಆಧಾರವಾಗಬೇಕೆಂದಿಲ್ಲ. 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯಡಿ ಪೌರಾಡಳಿತಗಳಿಗೆ ಆರೋಗ್ಯ, ನೈರ್ಮಲ್ಯದ ದೃಷ್ಟಿಯಿಂದ ಕ್ರಮ ಕೈಗೊಳ್ಳುವ ಅಧಿಕಾರವಿದೆ, ಸರ್ಕಾರದ ಮಂಜೂರಾತಿಯೊಂದಿಗೆ ಬೈಲಾ (ಉಪನಿಯಮ) ಮಾಡಿಕೊಳ್ಳುವ ಅಧಿಕಾರವೂ ಇದೆ. ವಲಯ ನಿಯಮಾವಳಿಯಲ್ಲಿ ಗೆದ್ದು ನೈರ್ಮಲ್ಯದ ಕಲಮಿನಲ್ಲಿ ಸೋಲುವ ಸಾಧ್ಯತೆಯನ್ನು ಗಿರಾಕಿಗೆ ಮುಂಚಿತವಾಗಿ ವಿವರಿಸುವುದು ಸಲಹೆಗಾರರ ಕರ್ತವ್ಯ. ನಾನಾಗಿ ಕೇಳಿದ ಮೇಲಷ್ಟೇ, ಅದೂ ಅರೆಮನಸ್ಸಿನಿಂದ, ಆ ವಿಷಯ ಬಂತು.

ಮಾಹಿತಿ ಹಕ್ಕಿನ ಅರ್ಜಿಯ ವಿಚಾರದಲ್ಲಿ ಗುಮಾಸ್ತರ ಅಜಾಗರೂಕತೆ ಎದ್ದು ಕಾಣಿಸಿತು. 2005ರ ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ನಿಯಮಾವಳಿಯ ದೃಢೀಕೃತ ನಕಲು ಕೇಳುವ ಆಲೋಚನೆ ಸರಿಯಾದುದೇ. 30 ದಿನಗಳೊಳಗೆ ಉತ್ತರ ಕೊಡಬೇಕಾದ ಹೊಣೆ ಸರ್ಕಾರಿ ಕಚೇರಿಯ ಮೇಲೆ ಬೀಳುತ್ತದೆ. ಆದರೆ ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಈ ಸಲಹಾ ಕಚೇರಿ ಸಿದ್ಧಪಡಿಸಿದ ಅರ್ಜಿಯಲ್ಲಿ ವಲಯ ನಿಯಮಾವಳಿ, ಬೈಲಾ, ನೋಟಿಸಿನ ಕಡತದ ಟಿಪ್ಪಣಿ, ದೂರುದಾರರ ಅರ್ಜಿ ಎಲ್ಲವೂ ಒಟ್ಟಿಗೆ ತುಂಬಿಕೊಂಡು ಎರಡು ಪುಟವಾಗಿತ್ತು. ದಿನವೂ ಇದೇ ಕೆಲಸ ಮಾಡುವವರು ಹೀಗೆ ಮಾಡಬಾರದು. ಅರ್ಜಿಯನ್ನು ಬೇರ್ಪಡಿಸಿ ಮತ್ತೆ ಬರೆಸಬೇಕಾಯಿತು. ಹೆಚ್ಚುವರಿ ಹಣ ಕೇಳಲಿಲ್ಲ ಎಂಬುದನ್ನು ಅವರ ಪರವಾಗಿ ದಾಖಲಿಸುತ್ತೇನೆ.

ಇನ್ನು ಲಗತ್ತುಗಳ ವಿಚಾರ. ಉತ್ತರದ ಜೊತೆಗೆ ಅಮೆರಿಕದ ನಗರಗಳ ಕೋಳಿ ನಿಯಮಗಳನ್ನು ಕುರಿತ ದಪ್ಪನೆಯ ಕಟ್ಟೊಂದನ್ನು ಸೇರಿಸಿದ್ದರು. ಆ ದೇಶದಲ್ಲಿ ಹಿತ್ತಲ ಕೋಳಿಯ ಹಕ್ಕಿಗಾಗಿ ಊರೂರಿನಲ್ಲಿ ಜನ ವಲಯ ನಿಯಮಗಳ ವಿರುದ್ಧ ವಾದಿಸಿ, ನಗರಸಭೆಗಳಲ್ಲಿ ಅಹವಾಲು ಹೇಳಿ, ನಿಯಮಗಳನ್ನು ಬದಲಾಯಿಸಿಕೊಂಡಿರುವುದು ಸುಳ್ಳಲ್ಲ. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರ 2004ರಲ್ಲಿ, ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ 2008ರಲ್ಲಿ ಮನೆಗೆ ನಾಲ್ಕು ಹ್ಯಾಟೆಗಳಿಗೆ ಅವಕಾಶ ಕೊಟ್ಟವು. ಸಿಯಾಟಲ್ ನಗರ 2010ರಲ್ಲಿ ಮಿತಿಯನ್ನು ಎಂಟಕ್ಕೆ ಏರಿಸಿತು. ವಲಯ ನಿಯಮಗಳನ್ನು ಸಂವಿಧಾನಬದ್ಧವೆಂದು ಎತ್ತಿಹಿಡಿದ 1926ರ ಯೂಕ್ಲಿಡ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಉಪದ್ರವವೆಂದರೆ ಸರಿಯಾದ ವಸ್ತು ತಪ್ಪಾದ ಜಾಗದಲ್ಲಿರುವುದಷ್ಟೇ ಆಗಿರಬಹುದು, ಕೊಟ್ಟಿಗೆಯಲ್ಲಿರಬೇಕಾದ ಹಂದಿ ನಡುಮನೆಗೆ ಬಂದಂತೆ, ಎಂದು ಹೇಳಿದ್ದನ್ನೂ ಆ ಕಟ್ಟಿನಲ್ಲಿ ಬಣ್ಣದ ಗೆರೆ ಎಳೆದು ತೋರಿಸಿದ್ದರು. ಓದಲು ಸ್ವಾರಸ್ಯಕರ. ಆದರೆ ಅಲ್ಲಿ ಬಹಳಷ್ಟು ಊರುಗಳಲ್ಲಿ ಕೋಳಿಯನ್ನು ನೇರವಾಗಿ ಹೆಸರಿಸಿದ ನಿಷೇಧವೇ ಇತ್ತು, ಜನ ಪ್ರಶ್ನಿಸಿದ್ದು ಅದನ್ನು. ನಮ್ಮ ನೋಟಿಸಿನಲ್ಲಿ ನಿಷೇಧದ ಕಲಮೇ ಇರಲಿಲ್ಲ. ಸಿಯಾಟಲ್‌ನ ನಿಯಮ ಚಿಕ್ಕಮಗಳೂರಿನ ಆರೋಗ್ಯ ನಿರೀಕ್ಷಕರನ್ನು ಕಟ್ಟಿಹಾಕುವುದಿಲ್ಲ. ತೂಕಕ್ಕೆ ಬೆಲೆ ಕಟ್ಟುವವರನ್ನು ಮೆಚ್ಚಿಸಲು ಹಾಕಿದ ಕಾಗದ ಅದು.

ವಿಚಿತ್ರವೆಂದರೆ, ಆ ಕಟ್ಟಿನಲ್ಲಿ ನಿಜವಾಗಿ ಉಪಯೋಗಕ್ಕೆ ಬರಬಹುದಾಗಿದ್ದ ಅಂಶವನ್ನು ಲಗತ್ತಿಸಿದವರೇ ಗಮನಿಸಿರಲಿಲ್ಲ. ಹ್ಯಾಟೆಗಳಿಗೆ ಅನುಮತಿ ಕೊಟ್ಟ ಆ ನಗರಗಳು ಹುಂಜಕ್ಕೆ ಅನುಮತಿ ಕೊಡಲಿಲ್ಲ. ಹಿತ್ತಲ ಹ್ಯಾಟೆಗೆ ಅಡ್ಡಿಯಿಲ್ಲದ ನ್ಯೂಯಾರ್ಕಿನಲ್ಲೂ ಹುಂಜ ನಿಷಿದ್ಧವೇ. ನಮ್ಮ ಪ್ರಕರಣದ ಗಂಟು ಇದ್ದುದೂ ಅಲ್ಲಿಯೇ. ಪಕ್ಕದ ಮನೆಯವರ ದೂರು ಕೋಳಿಯ ಮೇಲಲ್ಲ, ಬೆಳಗಿನ ಜಾವ ನಾಲ್ಕಕ್ಕೆ ಶುರುವಾಗುತ್ತಿದ್ದ ಕೂಗಿನ ಮೇಲೆ. ವಕೀಲರು ನಮ್ಮ ಮನೆಯ ನಕ್ಷೆ, ಕಂದಾಯ ರಸೀತಿ, ಖಾತೆ ನಕಲು ಎಲ್ಲವನ್ನೂ ಕೇಳಿದರು. ಹುಂಜ ಇದೆಯೇ ಎಂದು ಮಾತ್ರ ಕೇಳಲಿಲ್ಲ. ನಾನೇ ಹೇಳಿದಾಗ, ‘ರಾತ್ರಿ ಗೂಡಿಗೆ ಕಪ್ಪು ಪರದೆ ಹಾಕುತ್ತೇವೆಂದು ಬರೆದುಬಿಡೋಣ’ ಎಂದರು. ಹುಂಜ ಬೆಳಕನ್ನು ಕಂಡು ಕೂಗುವುದೆಂಬ ನಂಬಿಕೆ ಅದರ ಹಿಂದಿತ್ತು. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದಂತೆ, ಸದಾ ಮಬ್ಬು ಬೆಳಕಿನಲ್ಲಿಟ್ಟ ಹುಂಜಗಳು ಕೂಡ ತಮ್ಮೊಳಗಿನ ಗಡಿಯಾರದ ಪ್ರಕಾರ ಜಾವಕ್ಕೆ ಕೂಗುತ್ತವೆ. ಪಾಲಿಸಲು ಆಗದ ಭರವಸೆಯನ್ನು ಲಿಖಿತವಾಗಿ ಕೊಟ್ಟು, ಮುಂದೆ ಅದನ್ನೇ ನಮ್ಮ ವಿರುದ್ಧ ಸಾಕ್ಷಿಯಾಗಿಸುವ ಸಾಲನ್ನು ತೆಗೆಸಿಹಾಕಿದೆ.

ಶಬ್ದದ ಬಗ್ಗೆ ಕಾನೂನೂ ಹುಂಜದ ಪರವಾಗಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯಿದೆ. ರಾತ್ರಿ ಎಂದರೆ 10ರಿಂದ ಬೆಳಗಿನ 6ರವರೆಗೆ. ಮಿತಿಯನ್ನು 10 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ಮೀರಿದಾಗ ಯಾರು ಬೇಕಾದರೂ ದೂರು ಕೊಡಬಹುದು. ಮೊಟ್ಟೆಗೆ ಹುಂಜದ ಅಗತ್ಯವಿಲ್ಲ, ಮರಿಗೆ ಮಾತ್ರ ಬೇಕು. ಗಿರಿರಾಜದಂಥ ಸುಧಾರಿತ ತಳಿಗಳು ಕಾವಿಗೆ ಕೂರುವುದೂ ಅಪರೂಪವಾದ್ದರಿಂದ ನಗರದ ಹಿತ್ತಲಲ್ಲಿ ಹುಂಜಕ್ಕೆ ವಾದಿಸಲು ಹೆಚ್ಚಿನ ಕಾರಣ ಉಳಿಯುವುದಿಲ್ಲ. ನಮ್ಮದನ್ನು ಆಲ್ದೂರಿನ ಕಡೆ ನಂಟರ ತೋಟಕ್ಕೆ ಕಳುಹಿಸಿದೆವು. ಮಾರನೆಯ ವಾರವೇ ಪಕ್ಕದ ಮನೆಯವರ ಮಾತು ಮೃದುವಾಯಿತು. ಯಾವ ಕಾನೂನು ಕಚೇರಿಯೂ ಕೊಡದ ಸಲಹೆ ಇದು. ಕೊಟ್ಟರೆ ಅವರಿಗೆ ಮುಂದಿನ ಕೆಲಸ ಸಿಗುವುದಿಲ್ಲವೋ ಏನೋ.

ಮುಂದಿನ ಹೆಜ್ಜೆಯಾಗಿ ಅವರು ಸೂಚಿಸಿದ್ದು, ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ತರುವುದನ್ನು. ಇದಕ್ಕೆ ನಾನು ಒಪ್ಪಲಿಲ್ಲ. ನೋಟಿಸು ಪೌರಾಡಳಿತದ ಮಟ್ಟದಲ್ಲಿರುವವರೆಗೆ ಆ ಮಾತಿಗೆ ಅರ್ಥವಿರಬಹುದು. ಆದರೆ ದೂರು ಕಾರ್ಯನಿರ್ವಾಹಕ ದಂಡಾಧಿಕಾರಿಯ ಮುಂದೆ ಹೋದರೆ ಕಥೆಯೇ ಬೇರೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ ಈಗ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಆಗಿದೆ. ಸಾರ್ವಜನಿಕ ಉಪದ್ರವವನ್ನು ನಿವಾರಿಸುವಂತೆ ಅದರಡಿ ಹೊರಡುವ ಷರತ್ತುಬದ್ಧ ಆದೇಶವನ್ನು ಸಿವಿಲ್ ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ; ಆದೇಶ ಕೊಟ್ಟವರ ಮುಂದೆ, ಇಲ್ಲವೇ ಅವರು ಸೂಚಿಸಿದ ಅಧೀನ ದಂಡಾಧಿಕಾರಿಯ ಮುಂದೆ ಹಾಜರಾಗಿ ಕಾರಣ ತೋರಿಸಬೇಕು. ಅಲ್ಲಿ ವಾದಿಸಬೇಕಾದದ್ದು, ತೊಂದರೆ ಸಮುದಾಯಕ್ಕೋ ಒಬ್ಬ ನೆರೆಯವರಿಗೋ ಎಂಬುದನ್ನು. ಒಬ್ಬರ ನಿದ್ದೆ ಕೆಟ್ಟರೆ ಅವರು ಖಾಸಗಿಯಾಗಿ ದಾವೆ ಹೂಡಬಹುದು, ಆದರೆ ಅದು ತಾನೇ ತಾನಾಗಿ ಸಾರ್ವಜನಿಕ ಉಪದ್ರವವಾಗುವುದಿಲ್ಲ. ಈ ವ್ಯತ್ಯಾಸವನ್ನು ಅದೇ ಕಚೇರಿಯ ಕಿರಿಯ ವಕೀಲೆಯೊಬ್ಬರು ಬಹಳ ಸ್ಪಷ್ಟವಾಗಿ ವಿವರಿಸಿದರು. ಸಾಧ್ಯವಾದರೆ ಹೋದವರು ಅವರನ್ನೇ ಕಾಣುವುದು ಒಳ್ಳೆಯದು. ಹೈಕೋರ್ಟಿನ ರಿಟ್ ಅರ್ಜಿಯ ಮಾತನ್ನೂ ಹಿರಿಯರು ಎತ್ತಿದ್ದರು. ಏಳು ಹ್ಯಾಟೆಗಾಗಿ ಬೆಂಗಳೂರಿಗೆ ಓಡಾಡುವ ಖರ್ಚಿನಲ್ಲಿ ಜೀವಮಾನದ ಮೊಟ್ಟೆ ಕೊಳ್ಳಬಹುದು.

ಕೊನೆಗೆ ನಿರ್ಣಾಯಕವಾದದ್ದು ಸ್ಥಳ ಪರಿಶೀಲನೆ. ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಬರುವ ಮೊದಲೇ ಅಧಿಕಾರಿಗಳು ಬಂದರು, ಸೌಜನ್ಯದಿಂದಲೇ ವರ್ತಿಸಿದರು. ಅವರು ನೋಡಿದ್ದು ವಲಯದ ನಕ್ಷೆಯನ್ನಲ್ಲ. ವಾಸನೆ ಇದೆಯೇ, ನೊಣ ಇದೆಯೇ, ಹಿಕ್ಕೆ ಚರಂಡಿಗೆ ಹೋಗುತ್ತಿದೆಯೇ, ಗೂಡು ನೆರೆಯವರ ಕಿಟಕಿಗೆ ಎಷ್ಟು ಹತ್ತಿರವಿದೆ ಎಂಬುದನ್ನು. ನಮ್ಮ ಊರಿನ ಮಳೆಗಾಲ ತಿಳಿದವರಿಗೆ ಈ ಪರೀಕ್ಷೆಯ ಕಷ್ಟ ಗೊತ್ತಾಗುತ್ತದೆ. ಕೋಳಿಯ ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲ ತೇವ ಸಿಕ್ಕ ಕೂಡಲೇ ಬ್ಯಾಕ್ಟೀರಿಯಾಗಳಿಂದ ಒಡೆದು ಅಮೋನಿಯಾ ಆಗುತ್ತದೆ, ಮೂಗಿಗೆ ಹೊಡೆಯುವುದು ಅದೇ. ಹಾಸು ಒಣಗಿದ್ದರೆ ವಾಸನೆ ಇಲ್ಲ. ಎರಡು ಮೂರು ಅಂಗುಲ ಭತ್ತದ ಹೊಟ್ಟು ಹಾಸಿ, ಆಗಾಗ ಕೆದಕಿ, ಒದ್ದೆಯಾದ ಭಾಗವನ್ನು ತೆಗೆದು ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ, ಎರಚಲು ಹೊಡೆಯುವ ದಿಕ್ಕಿಗೆ ತಗಡಿನ ಮರೆ ಕಟ್ಟಿದ್ದರಿಂದ ನಾವು ಪಾರಾದೆವು. ಪಶುವೈದ್ಯ ಆಸ್ಪತ್ರೆಯಲ್ಲಿ ಕೊಕ್ಕರೆ ರೋಗಕ್ಕೆ ಹಾಕಿಸಿದ ಲಸಿಕೆಯ ಚೀಟಿಯೂ ಕೆಲಸಕ್ಕೆ ಬಂತು. ಇವುಗಳಲ್ಲಿ ಒಂದನ್ನೂ ಸಿದ್ಧವಾಗಿಡುವಂತೆ ಸಲಹಾ ಕಚೇರಿ ಹೇಳಿರಲಿಲ್ಲ. ಪರಿಶೀಲನೆಗೆ ಯಾರಾದರೂ ಬಂದಾಗ ಏನು ತೋರಿಸಬೇಕೆಂಬ ಅರ್ಧ ಪುಟದ ಪಟ್ಟಿಯೊಂದನ್ನು ಅವರು ಕೊಟ್ಟಿದ್ದರೆ ಅಮೆರಿಕದ ಕಟ್ಟಿಗಿಂತ ಹತ್ತುಪಟ್ಟು ಉಪಯುಕ್ತವಾಗುತ್ತಿತ್ತು.

ಹುಂಜವಿರಬಾರದು, ಹಕ್ಕಿಗಳ ಸಂಖ್ಯೆ ಹೆಚ್ಚಬಾರದು, ಮಾರಾಟ ಮಾಡಬಾರದು, ಕಸಾಯಿ ಕೆಲಸ ಮನೆಯಲ್ಲಿ ಆಗಬಾರದು ಎಂಬ ಷರತ್ತುಗಳನ್ನು ನಾವು ಬರೆದುಕೊಟ್ಟ ಮೇಲೆ ಪ್ರಕರಣ ಮುಕ್ತಾಯವಾಯಿತು. ಇದು ಗೆಲುವು ಎನ್ನುವವರಿಗೆ ಒಂದು ಎಚ್ಚರಿಕೆ ಇರಲಿ: ಹಕ್ಕಿಜ್ವರ ದೃಢಪಟ್ಟರೆ ಸೋಂಕಿನ ಕೇಂದ್ರದಿಂದ 1 ಕಿಲೋಮೀಟರ್ ವ್ಯಾಪ್ತಿಯ ಕೋಳಿಗಳನ್ನೆಲ್ಲ, ಫಾರಂನದ್ದಾಗಲೀ ಹಿತ್ತಲಿನದ್ದಾಗಲೀ, ಕೊಲ್ಲುವ ಕ್ರಮವಿದೆ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲಿ ಅದು ನಡೆಯಿತು. ಆ ಸಂದರ್ಭದಲ್ಲಿ ಮೇಲಿನ ಯಾವ ವಾದವೂ ನಡೆಯದು, ನಡೆಯಬಾರದು ಕೂಡ.

ಹಣದ ವಿಷಯ: ಉತ್ತರ, ಮಾಹಿತಿ ಹಕ್ಕಿನ ಅರ್ಜಿಗಳು ಮತ್ತು ಸಮಾಲೋಚನೆ ಸೇರಿ ಮೂರು ಸಾವಿರ ರೂಪಾಯಿ ತೆಗೆದುಕೊಂಡರು, ರಸೀತಿ ಕೊಟ್ಟರು. ಬರೆದ ಕಾಗದದ ಗುಣಮಟ್ಟಕ್ಕೆ ಇದು ನ್ಯಾಯವಾದ ದರ. ಕಚೇರಿ ಮೊದಲ ಮಹಡಿಯಲ್ಲಿದೆ, ಮೆಟ್ಟಿಲು ಕಡಿದು, ವಯಸ್ಸಾದವರಿಗೆ ಕಷ್ಟ; ಹೇಳಿದ ಸಮಯಕ್ಕೆ ಹಿರಿಯ ವಕೀಲರು ಸಿಗುವುದು ಕಡಿಮೆ. ಸ್ವಂತ ನಿವೇಶನ, ಸುತ್ತಲೂ ಜಾಗ, ಕಲಂ ಉಲ್ಲೇಖಿಸದ ನೋಟಿಸು ಇರುವವರು ಇಲ್ಲಿಗೆ ಧೈರ್ಯವಾಗಿ ಹೋಗಬಹುದು. ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಸಾಕುವವರಿಗೆ ಅಲ್ಲಿನ ಸಂಘದ ಬೈಲಾವೇ ಮೊದಲ ಅಡ್ಡಿಯಾಗಿರುವುದರಿಂದ ಈ ಸೇವೆಯಿಂದ ಪ್ರಯೋಜನವಿಲ್ಲ. ನೂರಾರು ಹಕ್ಕಿ ಇಟ್ಟು ಮೊಟ್ಟೆ ಮಾರುವವರು ‘ಮನೆ ಬಳಕೆ’ ಎಂಬ ವಾದದ ಆಸರೆ ಹುಡುಕಿ ಇಲ್ಲಿಗೆ ಬರಬಾರದು. ಅವರಿಂದಲೇ ಉಳಿದವರ ವಾದ ಕೆಡುತ್ತದೆ. ಐದಕ್ಕೆ ಮೂರು ಅಂಕ ಕೊಡುತ್ತೇನೆ.

ಅಂಕ ಕಡಿಮೆಯಾದರೂ ಸಂಬಂಧ ಮುಗಿದಿಲ್ಲ. ಮಹಾಯೋಜನೆ ಪರಿಷ್ಕರಣೆಯಾಗುವಾಗ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ, ಸಲಹೆಗಳನ್ನು ಕರೆಯಬೇಕೆಂದು ಕಾಯ್ದೆಯಲ್ಲಿದೆ. ವಸತಿ ವಲಯದಲ್ಲಿ ಮನೆ ಬಳಕೆಗೆ ಇಂತಿಷ್ಟು ಹ್ಯಾಟೆಗಳನ್ನು, ಹುಂಜವಿಲ್ಲದೆ, ಗಡಿಯಿಂದ ಇಂತಿಷ್ಟು ದೂರದಲ್ಲಿ ಸಾಕಬಹುದೆಂದು ನೇರವಾಗಿ ನಮೂದಿಸುವಂತೆ ಕೇಳಲು ಅದೇ ತಕ್ಕ ಸಂದರ್ಭ. ಆಗ ಪ್ರತಿ ಮನೆಯೂ ಪ್ರತ್ಯೇಕವಾಗಿ ನೋಟಿಸಿಗೆ ಉತ್ತರ ಬರೆಯುವ ಪ್ರಮೇಯ ಇರುವುದಿಲ್ಲ. ಮುಂದಿನ ಕರಡು ಹೊರಬಂದಾಗ ನಮ್ಮ ಬಡಾವಣೆಯ ಕೆಲವು ಮನೆಗಳ ಪರವಾಗಿ ಆ ಸಲಹಾ ಪತ್ರವನ್ನು ಬರೆಯಲು ಕಿರಿಯ ವಕೀಲೆ ಒಪ್ಪಿದ್ದಾರೆ, ಪ್ರತ್ಯೇಕ ಶುಲ್ಕ ಹೇಳಿದ್ದಾರೆ. ಅಮೆರಿಕದ ಕಾಗದಗಳನ್ನು ಸೇರಿಸಬಾರದೆಂಬ ಷರತ್ತಿನೊಂದಿಗೆ ಮುಂಗಡ ಕೊಟ್ಟು ಬಂದಿದ್ದೇನೆ.